ಬೀಗತಿಗಾಗಿ ಕಲಿತ ಭಾಷೆ

ಧಾರವಾಡ: ಕೋಷ್ಟಕ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಏನೇ ಸಂಕಟ ಬರಲಿ, ಮೊದಲು ಪಟ್ಟಿ ಹಿಡಿದು ಗೆರೆ ಎಳೆದು ಕೋಷ್ಟಕ ಹಾಕುವುದು ನನ್ನ ಚಟ. ಮಗನಿಗೆ ಹೆಣ್ಣು ಕೇಳಲು ಪರದೇಶಕ್ಕೆ ಹೋಗಬೇಕಾಗಿ ಬಂದಾಗಲೂ ಅದನ್ನೇ ಮಾಡಿದೆ.

ಮಗ ಮಲ್ಲು ಫಿಜಿಯೋಥೆರಪಿ ಓದಿದ್ದಾನೆ. ಕುಸ್ತಿ ಆಡುವವರ ಉಳುಕಿದ ಭುಜ, ತಿರುಚಿದ ಮೊಣಕಾಲು ಸರಿಮಾಡುವುದು ಅವನ ಕೆಲಸ. ಹೆಚ್ಚಿನ ತರಬೇತಿಗೆಂದು ಜಾರ್ಜಿಯಾಕ್ಕೆ ಹೋದ. ಅಮೆರಿಕದಲ್ಲಿರುವ ಜಾರ್ಜಿಯಾ ಅಲ್ಲ, ಕಪ್ಪು ಸಮುದ್ರದ ದಂಡೆಯಲ್ಲಿರುವ ಪುಟ್ಟ ದೇಶ. ಇದನ್ನು ನಮ್ಮ ಓಣಿಯ ಮನೆಮನೆಗೂ ಹೇಳಿ ಹೇಳಿ ನನ್ನ ಬಾಯಿ ನೊಂದಿದೆ. ಅಲ್ಲಿ ತನ್ನ ಜೊತೆಗೇ ಕೆಲಸ ಮಾಡುವ ಲಿಕಾ ಎಂಬ ಹುಡುಗಿಯನ್ನು ಮೆಚ್ಚಿದ. ಮಲ್ಲುವಿನಿಂದ ಕನ್ನಡ ಕಲಿತ ಲಿಕಾ ಫೋನಿನಲ್ಲಿ ನನಗೆ "ಅತ್ತೀ, ಊಟಾ ಆತ್ರಿ?" ಎಂದು ಕೇಳಿದ ದಿನವೇ ನಾನು ಸೋತುಹೋಗಿದ್ದೆ. ಆದರೆ ಅವಳ ತಾಯಿ ಸೋತಿರಲಿಲ್ಲ.

ತಾಯಿಯ ಹೆಸರು ಎತೇರಿ. ಗಂಡ ತೀರಿಕೊಂಡಿದ್ದಾರೆ, ಹಳ್ಳಿಯಲ್ಲಿ ದ್ರಾಕ್ಷಿ ತೋಟ ನೋಡಿಕೊಂಡು ಇದ್ದಾರೆ. ಅವರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. "ಹುಡುಗನ ತಾಯಿ ಬರಲಿ. ನಾನು ಆಕೆಯ ಜೊತೆ ಕೂತು ಮಾತಾಡಬೇಕು. ಮಕ್ಕಳ ಬಾಯಿಂದ ಅಲ್ಲ, ಆಕೆಯ ಬಾಯಿಂದಲೇ ಕೇಳಬೇಕು. ಇರುವವಳು ಒಬ್ಬಳೇ ಮಗಳು. ಮಾತು ತಿಳಿಯದ ಮನೆಗೆ ಹೇಗೆ ಕಳಿಸಲಿ?" ಎಂದು ಹೇಳಿ ಕಳಿಸಿದರು. ಆ ಮಾತು ನನಗೆ ಹಿಡಿಸಿತು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಕೇಳುತ್ತಿದ್ದೆ. ಹಿಡಿಸಿದಷ್ಟೇ ಹೆದರಿಕೆಯೂ ಆಯಿತು. ಮಗನ ಮದುವೆ ಈಗ ನನ್ನ ನಾಲಿಗೆಯ ಮೇಲೆ ನಿಂತಿತ್ತು.

ಹಾಗಾದರೆ ಯಾವ ಭಾಷೆ ಕಲಿಯಬೇಕು? ಧಾರವಾಡದಲ್ಲಿ ಪರೀಕ್ಷೆಗೆ ಓದುವವರೂ ಓದಿಸುವವರೂ ಹೆಚ್ಚು, ಸಲಹೆಗೇನೂ ಬರವಿಲ್ಲ. ನಮ್ಮ ಹಿಂದಿನ ಮನೆಯ ಕೋಚಿಂಗ್ ಕ್ಲಾಸಿನ ಮಾಸ್ತರರು, "ಜರ್ಮನ್ ಕಲೀರಿ ಅಕ್ಕೋರ, ಮುಂದ ಭಾಳ ಸ್ಕೋಪ್ ಐತಿ" ಎಂದರು. ಅರವತ್ತೊಂದನೆಯ ವಯಸ್ಸಿನಲ್ಲಿ ನನಗೆಲ್ಲಿಯ ಸ್ಕೋಪು! ಕೋಷ್ಟಕ ಹಾಕಿದೆ. ಎಷ್ಟು ಜನ ಆಡುತ್ತಾರೆ, ಪುಸ್ತಕ ಸಿಗುತ್ತದೆಯೇ, ಕಲಿಸುವವರು ಇದ್ದಾರೆಯೇ, ಎಷ್ಟು ದೇಶದಲ್ಲಿ ನಡೆಯುತ್ತದೆ ಎಂದು ನಾಲ್ಕು ಕಾಲಂ. ರಷ್ಯನ್ ಭಾಷೆಗೆ ನೂರಕ್ಕೆ ಎಪ್ಪತ್ತೊಂದು ಅಂಕ ಬಂತು. ಜಾರ್ಜಿಯನ್‌ಗೆ ಇಪ್ಪತ್ಮೂರು, ಅಂದರೆ ನಪಾಸು.

ಮಲ್ಲು ಫೋನಿನಲ್ಲಿ ಗೋಗರೆದ. "ಅವ್ವಾ, ಜಾರ್ಜಿಯನ್ ಕಲಿ. ಹತ್ತು ಮಾತು ಬಂದ್ರೂ ಸಾಕು."

"ನಿಮ್ಮ ಅತ್ತೀಗೆ ರಷ್ಯನ್ ಬರ್ತೈತೋ ಇಲ್ಲೋ, ಅಷ್ಟ ಹೇಳು."

"ಬರ್ತೈತಿ, ಸಾಲ್ಯಾಗ ಕಲ್ತಾರ. ಆದ್ರ..."

"ಆತ ಬಿಡು," ಎಂದು ಫೋನ್ ಇಟ್ಟೆ. ಲೆಕ್ಕ ಬಿಡಿಸಿ ಆದ ಮೇಲೆ ಮತ್ತೆ ಕೈಯಾಡಿಸುವುದು ನನಗೆ ಆಗದು.

ಮಿಕ್ಸರ್ ರಿಪೇರಿಗೆ ಹೋದಾಗ ಮೆಕ್ಯಾನಿಕ್ ದಾದಾಪೀರ್ ಭಾಯಿಗೂ ಈ ಸುದ್ದಿ ಹೇಳಿದೆ. ಅವರಿಗೆ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಬರುತ್ತವೆ, ಯಾವುದನ್ನೂ ಪುಸ್ತಕದಿಂದ ಕಲಿತವರಲ್ಲ. ಕಳಚಿದ ಮೋಟಾರಿನ ಮೇಲಿಂದ ತಲೆ ಎತ್ತದೆ ಹೇಳಿದರು. "ನಾ ತೆಲುಗು ಕಲ್ತದ್ದು ಗುಂತಕಲ್ಲಿನ ನಮ್ಮ ಉಸ್ತಾದನ ಸಂಬಂಧ ರೀ. ಅಂವಾ ಬೈದದ್ದ ತಿಳೀಲಿಲ್ಲಂದ್ರ ಕೆಲಸ ಹೆಂಗ ಕಲೀಲಿ? ಯಾರ ಬೈಗಳ ತಿಳಿಯೂದು ನಿಮಗ ಅಗದಿ ಜರೂರ ಐತಿ, ಅವರ ಭಾಷಾ ಕಲೀರಿ ಅಕ್ಕೋರ." ನಾನು ನಕ್ಕು ಮಿಕ್ಸರ್ ಎತ್ತಿಕೊಂಡು ಬಂದೆ. ನನ್ನ ಕೋಷ್ಟಕದಲ್ಲಿ ಬೈಗಳಕ್ಕೆ ಕಾಲಂ ಇರಲಿಲ್ಲ.

ಎಂಟು ತಿಂಗಳು ರಷ್ಯನ್ ಕಲಿತೆ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು, ನಾಲ್ಕು ಇನ್ನೂರು ಪುಟದ ನೋಟ್‌ಬುಕ್ ತುಂಬಿದವು. ನಮ್ಮವರು ಮಾತ್ರ ಏನನ್ನೂ ಕಲಿಯಲಿಲ್ಲ. ಶಿರಗುಪ್ಪಿಯಲ್ಲಿ ನಮ್ಮ ಹತ್ತಿಯ ಹೊಲವಿದೆ, ಅದನ್ನು ನೋಡಿಕೊಳ್ಳುವುದೇ ಅವರಿಗೆ ಪ್ರಪಂಚ. "ನಾ ಕನ್ನಡ ಮಾತಾಡ್ತೇನಿ. ತಿಳದಷ್ಟು ತಿಳೀತೈತಿ, ಉಳದದ್ದು ಅವರ ಪಾಲು," ಎಂದು ಕಾಲು ಚಾಚಿ ಕೂತುಬಿಟ್ಟರು.

ತ್ಬಿಲಿಸಿ: ಮೂರು ದಿನ

ರಾಜಧಾನಿ ತ್ಬಿಲಿಸಿಯ ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲ ತೆಗೆಸಿದರು. ಕಟಕ ರೊಟ್ಟಿಯ ಬಗ್ಗೆ ಅಧಿಕಾರಿಗೆ ಏನೂ ಅನ್ನಿಸಲಿಲ್ಲ, ಅವನ ಕಣ್ಣು ಶೇಂಗಾ ಹಿಂಡಿಯ ಡಬ್ಬಿಯ ಮೇಲೆ ಬಿತ್ತು. ಕೆಂಪು ಪುಡಿ! ಇದೇನೆಂದು ಕೇಳಿದ. ನಾನು ರಷ್ಯನ್ ಭಾಷೆಯಲ್ಲಿ ಶೇಂಗಾಕ್ಕೆ ಏನನ್ನುತ್ತಾರೆ ಎಂದು ಮನಸ್ಸಿನಲ್ಲೇ ಪುಟ ತಿರುವುತ್ತಿದ್ದೆ. ಅಷ್ಟರಲ್ಲಿ ನಮ್ಮವರು ಡಬ್ಬಿ ತೆರೆದು ಚಿಟಿಕೆ ಬಾಯಿಗೆ ಹಾಕಿಕೊಂಡು, "ತಿನ್ನೂದೈತ್ರೀ, ತಗೋರಿ, ನೀವೂ ಒಂಚೂರು ನೋಡ್ರಿ" ಎಂದು ಅವನ ಮುಂದೆ ಹಿಡಿದರು. ಅವನು ನಿಜಕ್ಕೂ ನೋಡಿದ. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂದರೂ ಬೆರಳೆತ್ತಿ ಛಲೋ ಎಂದು ಸನ್ನೆ ಮಾಡಿ ಬಿಟ್ಟುಕೊಟ್ಟ. ನನಗೆ ಸಣ್ಣ ಹೊಟ್ಟೆಕಿಚ್ಚು ಆದದ್ದು ಸುಳ್ಳಲ್ಲ.

ಊರೊಳಗೆ ಬಂದು ಅಂಗಡಿಗಳ ಬೋರ್ಡು ನೋಡಿದರೆ ಅಕ್ಷರಗಳೆಲ್ಲ ದುಂಡುದುಂಡಾಗಿ ನಮ್ಮವೇ ಅನ್ನಿಸಿದವು. ಇನ್ನೇನು ಓದಿಯೇ ಬಿಡುತ್ತೇನೆ ಅನ್ನುವಂತಿದ್ದವು, ಓದಲು ಹೋದರೆ ಒಂದೂ ತಿಳಿಯದು. ನಾವು ಇಳಿದುಕೊಂಡ ಮನೆಯ ಕೆಳಗೆ ಒಂದು ರೊಟ್ಟಿ ಅಂಗಡಿ ಇತ್ತು. ನಡೆಸುವವರು ಮನಾನಾ ಎಂಬ ನಡುವಯಸ್ಸಿನ ಹೆಂಗಸು. ನಾನು ಹೋಗಿ ಎಂಟು ತಿಂಗಳ ರಷ್ಯನ್ ಭಾಷೆಯನ್ನು ಆಕೆಯ ಮುಂದೆ ಸುರಿದೆ. ಆಕೆ ಮರ್ಯಾದೆಯಿಂದ ಕೇಳಿಸಿಕೊಂಡು, ಮರ್ಯಾದೆಯಿಂದಲೇ ಇಂಗ್ಲಿಷಿನಲ್ಲಿ ಒಂದೇ ಪದ ಉತ್ತರ ಕೊಟ್ಟರು. ಹಣ್ಣಿನವನೂ ಹಾಗೆಯೇ ಮಾಡಿದ. ಟ್ಯಾಕ್ಸಿಯವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ರೇಡಿಯೋ ದೊಡ್ಡದು ಮಾಡಿದ. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಯಾರೂ ಹತ್ತಿರಕ್ಕೂ ಬರಲಿಲ್ಲ. ನಮ್ಮ ಧಾರವಾಡದ ಕಟ್ಟೆಯ ಮೇಲೆ ಹೊಸಬರು ಬಂದು ಆಫೀಸಿನ ನೋಟೀಸು ಓದಿದಂತೆ ಮಾತಾಡಿದರೆ ನಾವೂ ಹಾಗೆಯೇ ಮಾಡುತ್ತೇವಲ್ಲ.

ಅಂದು ಸಂಜೆ ಮಲ್ಲು ನಮ್ಮಲ್ಲಿಗೆ ಬಂದು, ಎಂಟು ತಿಂಗಳ ಹಿಂದೆ ಫೋನಿನಲ್ಲಿ ಅರ್ಧಕ್ಕೆ ನಿಂತಿದ್ದ ಮಾತನ್ನು ಮುಗಿಸಿದ. "ಅತ್ತೀಗೆ ರಷ್ಯನ್ ಬರ್ತೈತಿ ಅವ್ವಾ. ಆದ್ರ ಆ ಭಾಷ್ಯಾಗ ಅವರು ಆಫೀಸಿನ ಮುಂದ ಅರ್ಜಿ ಹಿಡಕೊಂಡು ನಿಂತಾರ, ಅಷ್ಟ. ಆ ಭಾಷ್ಯಾಗ ಯಾರಿಗೂ ಒಂದ ದಿನ 'ಉಣ್ಣು' ಅಂದಿಲ್ಲಂತ. ಈಗ ಅದನ್ನ ಮಾತಾಡಂಗಿಲ್ಲ."

"ಮೊದಲ ಯಾಕ ಹೇಳಲಿಲ್ಲೋ?"

"ನೀ ಫೋನ್ ಇಟ್ಟಿ."

ನನಗೆ ಅಳುವೇ ಬಂತು. ನಾಲ್ಕು ನೋಟ್‌ಬುಕ್ ತುಂಬಿಸಿದ್ದೆ, ಹಳ್ಳಿಗೆ ಹೋಗಲು ಮೂರು ದಿನ ಉಳಿದಿತ್ತು. ಎಷ್ಟು ದೇಶದಲ್ಲಿ ನಡೆಯುತ್ತದೆ ಎಂದು ಅಂಕ ಹಾಕಿದ್ದೆನೇ ಹೊರತು, ನಾನು ಹೋಗಿ ಕೂರಬೇಕಾದ ಅಡುಗೆಮನೆಯಲ್ಲಿ ನಡೆಯುತ್ತದೆಯೇ ಎಂದು ಕೇಳಿರಲಿಲ್ಲ. ಕೋಷ್ಟಕದ ಹಾಳೆಯನ್ನು ಹರಿದು ಎಸೆದೆ. ಮರುದಿನ ಬೆಳಿಗ್ಗೆ ಬರಿಗೈಯಲ್ಲಿ ಮನಾನಾ ಅವರ ಅಂಗಡಿಗೆ ಹೋಗಿ ರೊಟ್ಟಿ ತೋರಿಸಿ, ಇದಕ್ಕೆ ಏನನ್ನುತ್ತೀರಿ ಎಂದು ಸನ್ನೆ ಮಾಡಿದೆ.

"ಪುರಿ."

ಮೊಳದುದ್ದದ, ತುದಿ ಚೂಪಾದ, ದಪ್ಪ ರೊಟ್ಟಿ ಅದು. ಅದಕ್ಕೆ ಪುರಿ! ನಮ್ಮವರು ಕೇಳಿ, "ಭಾಜಿ ಎಲ್ಲೈತಿ ಕೇಳು" ಎಂದರು. ನಾನು ಅವರನ್ನು ಹೊರಗೆ ಕಳಿಸಿದೆ.

ನನಗೆ ಗೊತ್ತಿರುವುದು ಲೆಕ್ಕ, ಹಾಗಾಗಿ ಎಣಿಕೆಯಿಂದ ಶುರುಮಾಡಿದೆ. ಎರ್ತಿ, ಓರಿ, ಸಾಮಿ ಎಂದರೆ ಒಂದು, ಎರಡು, ಮೂರು. ಇಪ್ಪತ್ತರ ತನಕ ಸರಾಗವಾಗಿ ಹೋಗಿ, ಆಮೇಲೆ ನನಗೆ ಸಿಕ್ಕಿದ್ದು ಹಬ್ಬ. ಅವರು ಇಪ್ಪತ್ತಿಪ್ಪತ್ತರ ಗುಂಪಿನಲ್ಲಿ ಎಣಿಸುತ್ತಾರೆ. ನಲವತ್ತು ಎಂದರೆ ಎರಡಿಪ್ಪತ್ತು, ಎಪ್ಪತ್ತೈದು ಎಂದರೆ ಮೂರಿಪ್ಪತ್ತು ಮತ್ತು ಹದಿನೈದು. ಹೆಬ್ಬಳ್ಳಿಯ ನಮ್ಮಜ್ಜಿ ಕುಳ್ಳು ಎಣಿಸುತ್ತಿದ್ದದ್ದು ಹೀಗೆಯೇ. ಸಾಲಿ ಕಲಿಯದ ಅಜ್ಜಿಯ ಲೆಕ್ಕವನ್ನು ಇಲ್ಲಿ ದೇಶಕ್ಕೆ ದೇಶವೇ ಮಾಡುತ್ತಿದೆ! ಸಂತೋಷಕ್ಕೆ ನಾನು ಹಿಟ್ಟಿನ ಮೇಜಿನ ಮೇಲೆ ಬೆರಳಿನಿಂದ ಗುಂಪು ಮಾಡಿ ತೋರಿಸಿದೆ. ಮನಾನಾ ಕೂಡ ಬೆರಳಿಟ್ಟು ನನ್ನ ತಪ್ಪು ತಿದ್ದಿದರು. ಗಿರಾಕಿಗಳು ಕಾಯುತ್ತ ನಿಂತು, ಕಾಯುವುದನ್ನು ಮರೆತು ತಾವೂ ತಿದ್ದತೊಡಗಿದರು. ಬಿಸಿ, ತಣ್ಣಗೆ, ಒಳ್ಳೆಯದು, ನನ್ನ, ನಿಮ್ಮ, ಗಂಡ, ಹೆಸರು, ತಾಯಿ. ಮೂರು ದಿನದಲ್ಲಿ ಎಪ್ಪತ್ತು ಪದ ಬಂದವು. ಎಂಟು ತಿಂಗಳ ರಷ್ಯನ್‌ನಲ್ಲಿ ಒಬ್ಬರೂ ನನ್ನ ತಪ್ಪು ತಿದ್ದಿರಲಿಲ್ಲ. ಫೋನಿನಲ್ಲಿ ಪಾಠ ಹೇಳುತ್ತಿದ್ದ ಆ್ಯಪ್ ಒಂದು ಬಿಟ್ಟು.

ಕಖೇತಿ: ಎತೇರಿಯವರ ಅಂಗಳ

ಎತೇರಿಯವರ ಹಳ್ಳಿ ಕಖೇತಿ ಎಂಬ ಸೀಮೆಯಲ್ಲಿದೆ. ಕಣ್ಣು ಹಾಯುವಷ್ಟು ದೂರವೂ ದ್ರಾಕ್ಷಿ, ಅದರಾಚೆ ಹಿಮ ಹೊತ್ತ ಬೆಟ್ಟಗಳ ಸಾಲು. ನಮ್ಮವರು ಬೆಟ್ಟದ ಕಡೆ ನೋಡಲೇ ಇಲ್ಲ. ಕಾರಿನಿಂದ ಇಳಿದವರೇ ಬಗ್ಗಿ ಮಣ್ಣು ಹಿಡಿದು, ಬೆರಳಲ್ಲಿ ಪುಡಿಮಾಡಿ, "ಕರೀ ಎರಿ ಅಲ್ಲ, ಕೆಂಪು ಮಸಾರಿ ಅಂತನೂ ಹೇಳಾಕ ಬರೂದಿಲ್ಲ" ಎಂದು ಚಿಂತೆಗೆ ಬಿದ್ದರು. ಎತೇರಿಯವರ ಅಣ್ಣ ವಾಜಾ ಅಲ್ಲೇ ನಿಂತಿದ್ದರು, ಅವರೂ ಒಂದು ಹಿಡಿ ಮಣ್ಣೆತ್ತಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಇಬ್ಬರೂ ಮಾತಾಡುತ್ತ ತೋಟದೊಳಗೆ ಹೋಗಿಬಿಟ್ಟರು, ಹೆಣ್ಣು ಕೇಳುವ ಕೆಲಸ ನನ್ನ ತಲೆಗೆ ಬಿತ್ತು.

ಎತೇರಿ ಎತ್ತರದ ಹೆಂಗಸು. ಕೆಲಸ ಮಾಡಿ ಅಗಲವಾದ ಕೈ, ಕಪ್ಪು ಬಟ್ಟೆ, ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ. ನಾನು "ಗಾಮರ್ಜೋಬಾ" ಎಂದು ನಮಸ್ಕಾರ ಹೇಳಿದೆ. ಅವರ ಹುಬ್ಬು ಮೇಲೇರಿತು. ಮಗಳ ಕಡೆ ತಿರುಗದೆ ನೇರ ನನ್ನನ್ನೇ ಏನೋ ಕೇಳಿದರು. ಅದರಲ್ಲಿ ವಯಸ್ಸಿನ ಮಾತು ಇದ್ದಂತೆ ಅನ್ನಿಸಿ, ಧೈರ್ಯ ಮಾಡಿ ಮೂರಿಪ್ಪತ್ತು ಮತ್ತೊಂದು ಎಂದು ಅವರ ಭಾಷೆಯಲ್ಲಿ ಹೇಳಿದೆ. ಎತೇರಿ ತಮ್ಮ ಎದೆ ಮುಟ್ಟಿಕೊಂಡು ಮೂರಿಪ್ಪತ್ತು ಮತ್ತೆರಡು ಎಂದರು. ನಾನು ತಕ್ಷಣ ಬಗ್ಗಿ ಅವರ ಕಾಲು ಮುಟ್ಟಿದೆ. ನನಗಿಂತ ಒಂದು ವರ್ಷ ದೊಡ್ಡವರಲ್ಲವೇ! ಅವರು ಗಾಬರಿಯಾಗಿ ನನಗೆ ಏನೋ ಬಿದ್ದಿದೆ ಎಂದು ತಾವೂ ಬಗ್ಗಿ ನೆಲದ ಮೇಲೆ ಹುಡುಕಿದರು. ಲಿಕಾ ಬಿಡಿಸಿ ಹೇಳಿದ ಮೇಲೆ ಮೊದಲ ಸಲ ನಕ್ಕರು.

ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಅಕ್ರೋಟು ಒಡೆದರು, ನಾನೂ ಒಡೆದೆ. ಬದನೆಕಾಯಿ ಸೀಳಿ ಅಕ್ರೋಟಿನ ಮಸಾಲೆ ತುಂಬುತ್ತಾರೆ, ನಮ್ಮ ಎಣಗಾಯಿಯ ತಂಗಿಯೇ ಅದು. ಹೆಸರು ಬದ್ರಿಜಾನಿ. ನಾವು ಮಾಂಸ ತಿನ್ನುವುದಿಲ್ಲ ಎಂದು ಲಿಕಾ ಮೊದಲೇ ಹೇಳಿದ್ದಳು, ನಮಗಾಗಿಯೇ ಒಂಬತ್ತು ಬಗೆ ಮಾಡಿಟ್ಟಿದ್ದರು. ಎಪ್ಪತ್ತು ಪದಗಳನ್ನೇ ಹಿಂದೆ ಮುಂದೆ ಮಾಡಿ ಎರಡು ತಾಸು ಮಾತಾಡಿದೆವು. ಮಲ್ಲು ಚಿಕ್ಕವನಿದ್ದಾಗ ಹೇಗಿದ್ದ, ಲಿಕಾ ಹೇಗಿದ್ದಳು, ಯಾರು ಹಟಮಾರಿ, ಯಾರಿಗೆ ಸಿಹಿ ಇಷ್ಟ. ಎತೇರಿ ನನ್ನ ಬಾಯಿಗೆ ತಮ್ಮ ಕೈಯಿಂದಲೇ ತುತ್ತು ಇಟ್ಟರು. ಇನ್ನೇನು ಹೂಂ ಅಂದೇಬಿಡುತ್ತಾರೆ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಊಟದ ಮೇಜು

ಅವರಲ್ಲಿ ನೆಂಟರು ಬಂದರೆ ಉಣ್ಣುವುದಕ್ಕೊಂದು ಪದ್ಧತಿ ಇದೆ. ಒಬ್ಬರು ಮೇಜಿನ ಹಿರಿಯರಾಗುತ್ತಾರೆ, ಅವರಿಗೆ ತಮಾದಾ ಎನ್ನುತ್ತಾರೆ. ತಮಾದಾ ಎದ್ದು ನಿಂತು ಲೋಟ ಹಿಡಿದು ಒಬ್ಬೊಬ್ಬರ ಹೆಸರಿನಲ್ಲಿ ಮಾತಾಡಬೇಕು, ಆಮೇಲೆ ಎಲ್ಲರೂ ಕುಡಿಯಬೇಕು. ಅಂದು ವಾಜಾ ತಮಾದಾ. ಮಧ್ಯಾಹ್ನ ಶುರುವಾದದ್ದು ಬಿಸಿಲು ಇಳಿದರೂ ಮುಗಿಯಲಿಲ್ಲ. ಅವರಿಗೆ ದ್ರಾಕ್ಷಾರಸ, ನಮಗೆ ದಾಳಿಂಬೆ ರಸ. ದೇಶಕ್ಕೆ, ಹಿರಿಯರಿಗೆ, ತೀರಿಕೊಂಡವರಿಗೆ, ಮಕ್ಕಳಿಗೆ ಎಂದು ಒಂದಾದ ಮೇಲೊಂದು. ನಮ್ಮವರಿಗೆ ಒಂದಕ್ಷರ ತಿಳಿಯದಿದ್ದರೂ ಪುರಾಣ ಕೇಳುವವರ ಹಾಗೆ ತಲೆ ತೂಗುತ್ತಿದ್ದರು.

ಆಮೇಲೆ ವಾಜಾ ನನ್ನ ಕಡೆ ತಿರುಗಿದರು. ಈಗ ಬೀಗರಿಗಾಗಿ ಕುಡಿಯೋಣ, ಆದರೆ ಇದನ್ನು ಹೇಳಬೇಕಾದವರು ಅವರ ಹೆಂಡತಿ. ಹೆಸರು ಹಿಡಿದು ಎರಡು ಮಾತು ಹೇಳಲಿ, ಯಾವ ಭಾಷೆಯಾದರೂ ಸರಿ, ಎಂದರು. ಲಿಕಾ ನನ್ನ ಕಿವಿಯಲ್ಲಿ ಅದನ್ನೆಲ್ಲ ಹೇಳಿದಳು.

ನಾನು ಎದ್ದು ನಿಂತೆ, ಲೋಟ ಹಿಡಿದೆ. ಮುಂದಕ್ಕೆ ಬಾಯಿ ಹೊರಳಲಿಲ್ಲ.

ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾನು ನಮ್ಮವರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಫಾರ್ಮಿನಲ್ಲಿ ಬರೆಯುತ್ತೇನೆ, ಬರೆಯುವುದಕ್ಕೆ ಅಡ್ಡಿಯಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಕಾಗದ ಮುಂದೆ ಸರಿಸುತ್ತೇನೆ. ಯಾರೂ ನನ್ನ ಬಾಯಿಗೆ ಬೀಗ ಹಾಕಿದ್ದಲ್ಲ. ನಮ್ಮತ್ತೆ ಹೇಳುತ್ತಿರಲಿಲ್ಲ, ನಮ್ಮವ್ವ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ. ಹುಡುಗಿಯರು ಓದಬೇಕು, ಧೈರ್ಯವಾಗಿ ಮಾತಾಡಬೇಕು ಎಂದು ಶಾಲೆಯಲ್ಲಿ ಭಾಷಣ ಮಾಡಿದವಳು ನಾನು. ಆ ಮೇಜಿನ ಮುಂದೆ ಹತ್ತು ಜನ ಕಾಯುತ್ತಿರುವಾಗ ಲೋಟದೊಳಗಿನ ದಾಳಿಂಬೆ ರಸವನ್ನೇ ನೋಡುತ್ತ ನಿಂತೆ.

ಮಲ್ಲು ಹೇಳಿಕೊಡಲು ಹೋದ. ವಾಜಾ ಕೈ ಅಡ್ಡ ಹಿಡಿದರು, ಆಕೆಯೇ ಹೇಳಲಿ ಎಂದು. ಮಲ್ಲು ಬೆವೆತು, "ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ" ಎಂದು ಅವರ ಭಾಷೆಯಲ್ಲಿ ಬಿಡಿಸಿ ಹೇಳಿದ. ಅದು ಅವರಿಗೆ ಹೇಗೆ ಕೇಳಿಸಿತೋ, ವಾಜಾ ಹಿಡಿದಿದ್ದ ಲೋಟವನ್ನು ಕೆಳಗಿಟ್ಟರು. ಎತೇರಿ ಮೆಲ್ಲಗೆ ಒಂದು ಮಾತು ಕೇಳಿದರು. ಲಿಕಾ ನನಗೆ ಹೇಳಲು ಹಿಂದೆಮುಂದೆ ನೋಡಿದಳು. ನಾನು ಒತ್ತಾಯ ಮಾಡಿದೆ.

"ಹೆದರಿಕೆಯಾ ಅಂತ ಕೇಳ್ತಾರ ಅತ್ತೀ. ನಾಳೆ ನನಗೂ ಹೆಸರು ಹೇಳೂ ಹಂಗಿಲ್ಲೇನು ಅಂತ."

ನಮ್ಮವರು ಪರಿಸ್ಥಿತಿ ಹಗುರ ಮಾಡಲು, "ಖರೇ ಹೇಳಬೇಕಂದ್ರ ನಾನ ಅಕಿಗೆ ಅಂಜಿಕೊಂಡ ಇರ್ತೇನಿ, ಹೇಳೋ ಮಲ್ಲೂ" ಎಂದರು. ಮಲ್ಲು ಹೇಳಿದ. ಯಾರೂ ನಗಲಿಲ್ಲ. ಎತೇರಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದವರು ಮತ್ತೆ ಮೇಜಿಗೆ ಬರಲಿಲ್ಲ. ಬೆಳಗಿನಿಂದ ಕಟ್ಟಿದ್ದನ್ನು ಒಂದು ಹೆಸರು ಹೇಳಲಾರದೆ ಕೆಡವಿ ಕೂತಿದ್ದೆ.

ಮರುದಿನ ಬೆಳಿಗ್ಗೆ: ಒಲೆಯ ಬಳಿ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ದ್ರಾಕ್ಷಿ ಚಪ್ಪರದ ಕೆಳಗೆ ನೋಟ್‌ಬುಕ್ ಹಿಡಿದು ಕೂತೆ. ನಮ್ಮಲ್ಲಿ ಹೆಸರನ್ನು ಹೇಳುವುದೇ ಇಲ್ಲ ಎಂದು ಮಲ್ಲು ಅಂದದ್ದು ಪೂರ್ತಿ ನಿಜವಲ್ಲ. ಹೇಳುತ್ತೇವೆ, ಒಡಪಿನಲ್ಲಿ ಹೇಳುತ್ತೇವೆ. ಮದುಮಗಳು ಹೊಸ್ತಿಲ ಮುಂದೆ ನಿಂತಾಗ ಹೆಂಗಸರೆಲ್ಲ ದಾರಿ ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುತ್ತಾರೆ. ಅವಳು ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಕೂರಿಸಿ ಹೇಳುತ್ತಾಳೆ. ನಾನು ಶಿರಗುಪ್ಪಿಯ ಹೊಸ್ತಿಲಲ್ಲಿ ನಿಂತು ಹೇಳಿದ್ದು ಇದು:

ಹತ್ತಿ ಬಿಡಿಸೋ ಹೊಲದಾಗ ಎಲಿಯೆಲ್ಲಾ ಹಸರ,
ಗುರುಸಿದ್ದಪ್ಪಂತ ಕೇ‌ಳ್ರೆವ್ವಾ ನಮ್ಮವರ ಹೆಸರ.

ಅದೇ ಮೊದಲು, ಅದೇ ಕೊನೆ. ಮಲ್ಲುವಿನ ಮುಂಜಾವಿನ ನಿದ್ದೆ ಕೆಡಿಸಿ ಅನುವಾದ ಮಾಡಿಸಿಕೊಳ್ಳಬಹುದಿತ್ತು. ಆದರೆ ಎತೇರಿ ಕೇಳಿದ್ದು ನನ್ನ ಬಾಯಿಂದ. ಇದ್ದ ಎಪ್ಪತ್ತು ಪದಗಳಲ್ಲಿ ಏನು ಹುಟ್ಟುತ್ತದೋ ಹುಟ್ಟಲಿ ಎಂದು ಬರೆದೆ, ಹೊಡೆದೆ, ಮತ್ತೆ ಬರೆದೆ.

ಹಿತ್ತಿಲಲ್ಲಿ ಎತೇರಿ ರೊಟ್ಟಿ ಸುಡುತ್ತಿದ್ದರು. ಮಣ್ಣಿನ ಆಳವಾದ ಒಲೆ, ಬಾವಿಯೊಳಗೆ ಇಣುಕುವ ಹಾಗೆ ಸೊಂಟದ ತನಕ ಬಗ್ಗಿ ಹಿಟ್ಟನ್ನು ಒಳಗೋಡೆಗೆ ಬಡಿಯಬೇಕು. ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೇ. ಮೂರು ರೊಟ್ಟಿ ಹೊರಬಂದಿದ್ದವು. ನಾನು ಅವುಗಳ ಮೇಲೆ ಬೆರಳಿಟ್ಟು ಎಣಿಸುತ್ತ, ಪರೀಕ್ಷೆಗೆ ನಿಂತ ಹುಡುಗಿಯ ಹಾಗೆ ಒಂದೇ ಉಸಿರಿಗೆ ಹೇಳಿದೆ:

ಎರ್ತಿ ಪುರಿ, ಓರಿ ಪುರಿ, ಸಾಮಿ ಪುರಿ ತ್ಸ್ಖೇಲಿ,
ಚೆಮಿ ಕ್ಮಾರಿ ಕಾರ್ಗಿ ಕಾತ್ಸಿ, ಗುರುಸಿದ್ದ ಮಿಸಿ ಸಖೇಲಿ.

ಒಂದು ರೊಟ್ಟಿ, ಎರಡು ರೊಟ್ಟಿ, ಮೂರು ರೊಟ್ಟಿ ಬಿಸಿಬಿಸಿ. ನನ್ನ ಗಂಡ ಒಳ್ಳೆಯ ಮನುಷ್ಯ, ಗುರುಸಿದ್ದ ಅವರ ಹೆಸರು. 'ಅಪ್ಪ' ಹಿಡಿಸದೆ ಹೆಸರನ್ನು ಕತ್ತರಿಸಬೇಕಾಯಿತು.

ಎತೇರಿ ಹಿಟ್ಟಿನ ಕೈಯಲ್ಲೇ ನಿಂತರು. ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಇನ್ನೊಮ್ಮೆ ಹೇಳಿದೆ. ಹೆದರಿಕೆ ಎಂಬ ಪದ ನನಗೆ ಆ ಭಾಷೆಯಲ್ಲಿ ಬರುತ್ತಿರಲಿಲ್ಲ, ಹೆದರಿಕೆಯಲ್ಲ ಎಂದು ಹೇಗೆ ಹೇಳಲಿ? ಅವರು ಬಿಸಿ ರೊಟ್ಟಿ ಆರದಿರಲೆಂದು ಬಟ್ಟೆ ಸುತ್ತಿ ಇಡುತ್ತಿದ್ದರು. ನಾನು ಒಂದು ರೊಟ್ಟಿಯನ್ನು ಆ ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು, "ಸಖೇಲಿ" ಎಂದೆ. ಹೆಸರು. ನಾವು ಅದನ್ನು ಹೀಗೆ ಇಟ್ಟುಕೊಳ್ಳುತ್ತೇವೆ.

ಎತೇರಿ ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದರು. ಆಮೇಲೆ ಒಲೆಯ ಕಡೆ ತಿರುಗಿ, ಇನ್ನೊಂದು ಉಂಡೆ ಎತ್ತಿಕೊಂಡು, ನನ್ನ ಪ್ರಾಸವನ್ನೇ ಮುಂದುವರಿಸಿದರು. ನಾಲ್ಕನೆಯ ರೊಟ್ಟಿ, ಅದು ಗೇಲಾನದು, ಎಂದರು. ಬಗ್ಗಿ ಬಡಿದರು. ಮೇಲೆದ್ದಾಗ ಅವರ ಮುಖ ಒದ್ದೆಯಾಗಿತ್ತು.

ಮಾತು ಕೇಳಿ ಲಿಕಾ ಬಾಗಿಲಿಗೆ ಬಂದಿದ್ದಳು. ಗೇಲಾ ಅವಳ ತಂದೆ. ಅವರು ಹೋದಾಗಿನಿಂದ ತಾಯಿಯ ಬಾಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು ಎಂದು ಅಳುತ್ತ ಹೇಳಿದಳು. ನನಗೂ ತಡೆಯಲಾಗಲಿಲ್ಲ. ಎತೇರಿ ಹಿಟ್ಟಿನ ಕೈಯಲ್ಲೇ ತಮ್ಮ ಕಣ್ಣನ್ನೂ ನಮ್ಮಿಬ್ಬರ ಕಣ್ಣನ್ನೂ ಒರೆಸಿ ಮೂವರ ಮುಖವನ್ನೂ ಬಿಳಿ ಮಾಡಿದರು.

ಎತೇರಿ ಮೊದಲು ಸಾವರಿಸಿಕೊಂಡರು. ಮಗಳಿಗೆ ಹೇಳಿ ನನಗೆ ಒಂದು ಕರಾರು ಕೇಳಿಸಿದರು. "ನಿಮ್ಮ ಪದ್ಧತಿ ತಿಳಿಯಿತು. ಚೆನ್ನಾಗಿದೆ. ಆದರೆ ನನ್ನ ಮಗಳು ಗಂಡನ ಹೆಸರನ್ನು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ಹೆಸರನ್ನು ಒಳಗಿಟ್ಟುಕೊಂಡರೆ ಏನಾಗುತ್ತದೆ ಎಂದು ನನಗೆ ಗೊತ್ತು. ಆಮೇಲೆ ಕೂಗಬೇಕೆಂದರೆ ಓಗೊಡಲು ಅವರೇ ಇರುವುದಿಲ್ಲ."

"ಕೂಗ್ಲಿ ಬಿಡ್ರಿ, ಬೇಕಾದಷ್ಟ ಕೂಗ್ಲಿ," ಎಂದೆ.

"ಹಾಗಾದರೆ ನೀವು ಮೊದಲು ಕೂಗಿ. ರೊಟ್ಟಿ ತಿನ್ನಲು ಕರೆಯಿರಿ. ನಾನು ಕೇಳಬೇಕು."

ನಮ್ಮವರು ತೋಟದ ಆ ತುದಿಯಲ್ಲಿ, ವಾಜಾ ಅವರ ಜೊತೆ ಬಳ್ಳಿ ಕತ್ತರಿಸುವುದನ್ನು ನೋಡುತ್ತ ಬೆನ್ನು ಮಾಡಿ ನಿಂತಿದ್ದರು. ನಾನು ಹಿತ್ತಿಲ ಬೇಲಿಯ ತನಕ ಹೋದೆ. ಮೊದಲ ಸಲ ಬರೀ ಗಾಳಿ ಹೊರಟಿತು. ಎರಡನೆಯ ಸಲ ನನಗೇ ಕೇಳಿಸಲಿಲ್ಲ. ಎತೇರಿ ಪಕ್ಕಕ್ಕೆ ಬಂದು ನಿಂತು, ತಾವು ಕಲಿತಂತೆ "ಗುರುಸಿದ್ದ" ಎಂದು ಮೆಲ್ಲಗೆ ಹೇಳಿಕೊಟ್ಟರು. ನಾನು ಕಣ್ಣು ಮುಚ್ಚಿ ಕೂಗಿದೆ.

"ಗುರುಸಿದ್ದಾ...!"

"ಬಂದ್ನೀ ಯವ್ವಾ," ಎಂದರು ನಮ್ಮವರು. ಎಂದವರೇ ತಿರುಗಿದರು. ಎರಡು ಹೆಜ್ಜೆ ಇಟ್ಟು ಅಲ್ಲೇ ನಿಂತುಬಿಟ್ಟರು. ಅವರನ್ನು ಹಾಗೆ ಹೆಸರು ಹಿಡಿದು ಕೂಗುತ್ತಿದ್ದ ನಮ್ಮತ್ತೆ ಹೋಗಿ ಹನ್ನೊಂದು ವರ್ಷ. ಅದಾದ ಮೇಲೆ ಅವರು ಎಲ್ಲರಿಗೂ ಕಾಕಾ, ಅಪ್ಪ, ಮಾಮಾ, ಧಣಿ. ಹಾಗೆ ಕೂಗಿ ಕರೆಯುವವರು ಯಾರೂ ಉಳಿದಿರಲಿಲ್ಲ. ಒಂದೇ ಮನೆಯಲ್ಲಿದ್ದ ನನಗೆ ಅದು ಹೊಳೆದಿರಲಿಲ್ಲ.

ಎತೇರಿ ಮಗಳ ಕಡೆ ನೋಡಿ, ಅವರು ಏನೆಂದರು ಎಂದು ಕೇಳಿದರು. ಅಷ್ಟು ದೂರದಿಂದ ಲಿಕಾಗೆ ಅದು ತಿಳಿದಿರಲಿಲ್ಲ. ಈ ಸಲ ನಾನೇ ಅನುವಾದ ಮಾಡಿದೆ.

"ದೆದಾ," ಎಂದೆ. ಅವ್ವ.

ಎತೇರಿ ಬಟ್ಟೆಯೊಳಗಿನ ರೊಟ್ಟಿ ತೆಗೆದು ಎರಡು ಮಾಡಿ, ಬೇಲಿ ದಾಟಿ ಹೋಗಿ ಅರ್ಧವನ್ನು ನಮ್ಮವರ ಕೈಗಿಟ್ಟರು. ಉಳಿದರ್ಧವನ್ನು ತಂದು ನನಗೆ ಕೊಟ್ಟು, ನನ್ನ ಎರಡೂ ಕೈ ಹಿಡಿದು, "ಹೋ" ಎಂದರು. ಅವರ ಭಾಷೆಯಲ್ಲಿ ಅದು ಹೂಂ.